ಹೊಗೆಯಲ್ಲಿಯೂ ಪಂಕ್ತಿಭೇದ

ಊಟದ ಪಂಕ್ತಿಯಲ್ಲಿ ಭೇದ ಮಾಡುವುದು ಪಾಪವೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಬಾವಿಯ ನೀರು, ಗುಡಿಯ ಬಾಗಿಲು, ಶಾಲೆಯ ಮಣೆ ಇವುಗಳಲ್ಲಿ ಭೇದವಿರಕೂಡದೆಂದು ಸ್ವತಂತ್ರ ದೇಶದ ಸಂವಿಧಾನವೂ ವಿಧಿಸಿತು. ಆದರೆ ಗಾಳಿಯಲ್ಲಿ ಕರಗಿಹೋಗುವ ಹೊಗೆಯಲ್ಲಿಯೂ ಮೇಲುಪಂಕ್ತಿ ಕೆಳಪಂಕ್ತಿಗಳುಂಟೆಂದರೆ ವಾಚಕರು ನಕ್ಕಾರು. “ಹೊಗೆ ಎಲ್ಲರಿಗೂ ಒಂದೇ ಅಲ್ಲವೆ? ಸೇದಿದವನಿಗೆ ಕೆಮ್ಮು, ಸೇದದವನಿಗೆ ಸುಖ” ಎಂದು ಹೇಳಿ ಪುಟವನ್ನು ಮಗುಚಿಯಾರು. ತುಸು ತಾಳಬೇಕೆಂದು ಬಿನ್ನಹ. ಕೃಷ್ಣೆ ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ ಸಿಂಧನೂರು, ಲಿಂಗಸೂಗೂರು, ಮಸ್ಕಿ ಎಂಬ ಮೂರು ಊರುಗಳಿವೆ. ಈ ಮೂರು ಊರುಗಳ ಬೀದಿಗಳಲ್ಲಿ ಒಂದು ದಿನ ಕಣ್ತೆರೆದು ನಡೆದಾಡಿದವರಿಗೆ ಯಾರ ಬೆರಳ ಸಂದಿಯಲ್ಲಿ ಬೆಂಕಿ ಉಳಿದಿದೆ, ಯಾರ ಬೆರಳಿನಿಂದ ಅದು ಜಾರಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ಒಂದು ಕಾಲಕ್ಕೆ ಧೂಮಪಾನವೆಂಬುದು ದೊಡ್ಡವರ ಬಿಂಕವಾಗಿತ್ತು. ಇಂದು ದೊಡ್ಡವರು ಮೆಲ್ಲಮೆಲ್ಲನೆ ಅದನ್ನು ಬಿಡುತ್ತಿದ್ದಾರೆ. ದುಡಿಯುವವರ ಪಾಲಿಗೆ ಅದು ಉಳಿಯುತ್ತಿದೆ. ಈ ಬದಲಾವಣೆ ಹೇಗಾಯಿತು, ಅದರ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸುಲ್ತಾನನ ಆಸ್ಥಾನದಿಂದ ಸಂತೆಯ ಬೀದಿಗೆ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಶೋಕನ ಕಾಲದಲ್ಲಿ ಅದು ಇಲ್ಲಿ ಇರಲಿಲ್ಲ. ಬಸವಣ್ಣನವರ ಕಲ್ಯಾಣದಲ್ಲಿ ವೀಳ್ಯವಿದ್ದರೂ ಹೊಗೆಸೊಪ್ಪಿರಲಿಲ್ಲ. ವಿಜಯನಗರದ ಕೃಷ್ಣದೇವರಾಯನು 1520ರಲ್ಲಿ ರಾಯಚೂರಿನ ಕೋಟೆಯನ್ನು ಗೆದ್ದಾಗಲೂ ಅವನ ದಂಡಿನವರು ಬೀಡಿಯನ್ನು ಕಂಡವರಲ್ಲ. ಅಮೆರಿಕದ ಮೂಲನಿವಾಸಿಗಳು ಸೇದುತ್ತಿದ್ದ ಈ ಎಲೆಯನ್ನು 1492ರಲ್ಲಿ ಕೊಲಂಬಸನ ಜೊತೆಗಾರರು ಕಂಡರು. ಪೋರ್ಚುಗೀಸರ ಹಡಗುಗಳೊಡನೆ ಅದು ನಮ್ಮ ಪಡುವಣ ತೀರಕ್ಕೆ ಬಂದಿತು. ‘ತಂಬಾಕು’ ಎಂಬ ಪರಭಾಷೆಯ ಹೆಸರು ಅದರೊಡನೆಯೇ ಬಂದಿತು. ಕನ್ನಡಿಗರು ಅದಕ್ಕೆ ‘ಹೊಗೆಸೊಪ್ಪು’ ಎಂದು ಹೆಸರಿಟ್ಟರು. ಸೊಪ್ಪೆಂದರೆ ತಿನ್ನುವ ವಸ್ತು. ಇದಾದರೋ ಕೊನೆಗೆ ಹೊಗೆಯಾಗುವ ಸೊಪ್ಪು. ಎರಡೇ ಮಾತಿನಲ್ಲಿ ಇಷ್ಟು ಸತ್ಯವನ್ನು ಅಡಗಿಸಿದ ಹೆಸರು ಬೇರೆ ಭಾಷೆಗಳಲ್ಲಿ ಅಪರೂಪ.

ಉತ್ತರ ಭಾರತಕ್ಕೆ ಧೂಮಪಾನದ ರುಚಿ ಹತ್ತಿಸಿದ ಕಥೆಯಲ್ಲಿ ನಮ್ಮ ಸೀಮೆಗೂ ಒಂದು ಪಾಲುಂಟು. ಹದಿನೇಳನೆಯ ಶತಮಾನದ ಆದಿಯಲ್ಲಿ ಅಕ್ಬರನು ಅಸದ್ ಬೇಗನೆಂಬ ತನ್ನ ದೂತನನ್ನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನಕ್ಕೆ ಕಳುಹಿಸಿದನು. ಆಗ ರಾಯಚೂರು ಸೀಮೆಯೆಲ್ಲ ಆದಿಲಶಾಹಿಯ ಕೈಯಲ್ಲಿತ್ತು. ಅಸದ್ ಬೇಗನು ಅದುವರೆಗೆ ಕಂಡಿರದ ಹೊಗೆಸೊಪ್ಪನ್ನು ಬಿಜಾಪುರದಲ್ಲಿ ಕಂಡನು. ರತ್ನಖಚಿತವಾದ ನಳಿಗೆಯೊಂದನ್ನು ಮಾಡಿಸಿ, ಸೊಪ್ಪಿನೊಡನೆ ಒಯ್ದು ಬಾದಶಹನ ಮುಂದಿರಿಸಿದನು. ವೈದ್ಯರು ಬೇಡವೆಂದರೂ ಅಕ್ಬರನು ಒಂದೆರಡು ದಮ್ಮು ಎಳೆದನು. ಅಭ್ಯಾಸ ಮಾತ್ರ ಮಾಡಿಕೊಳ್ಳಲಿಲ್ಲ. ಆದರೆ ಅಮೀರರು ಬಿಡಲಿಲ್ಲ. ಎಲ್ಲರೂ ಕೇಳಿ ಕೇಳಿ ಪಡೆದರು, ವರ್ತಕರು ಮಾರತೊಡಗಿದರು. ಸರಿಸುಮಾರು ಅದೇ ವೇಳೆಗೆ, 1604ರಲ್ಲಿ, ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನು ಈ ಚಟವನ್ನು ಖಂಡಿಸಿ ಪುಸ್ತಕವನ್ನೇ ಬರೆದನು. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಇಬ್ಬರ ಮಾತನ್ನೂ ಪ್ರಜೆಗಳು ಕೇಳಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ಹುಕ್ಕಾ ಒಡ್ಡೋಲಗದ ವಸ್ತುವಾಯಿತು. ಉತ್ತರ ದೇಶದಲ್ಲಿ ಕುಲದಿಂದ ಹೊರಗಿಡುವುದನ್ನು ‘ಹುಕ್ಕಾ-ಪಾನಿ ಬಂದ್’ ಎಂದೇ ಕರೆದರು. ಎಂದರೆ ಹೊಗೆಯನ್ನು ಹಂಚಿಕೊಳ್ಳುವುದು ನೀರನ್ನು ಹಂಚಿಕೊಳ್ಳುವಷ್ಟೇ ಗೌರವದ ಮಾತಾಯಿತು. ಕಾಲಕ್ರಮದಲ್ಲಿ ಅದೇ ಸೊಪ್ಪು ಹಳ್ಳಿಯ ಚಿಲುಮೆಗೆ ಇಳಿಯಿತು, ಚುಟ್ಟವಾಯಿತು, ಬೀಡಿಯಾಯಿತು. ನಿಜಾಮರ ಕಾಲದಲ್ಲಿ ಹೈದರಾಬಾದಿನ ವಜೀರ್ ಸುಲ್ತಾನ್ ಕಂಪನಿಯವರು ‘ಚಾರ್‌ಮಿನಾರ್’ ಸಿಗರೇಟನ್ನು ತಂದರು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಸೀಮೆಯಲ್ಲಿ ಕೈಯಲ್ಲಿ ಚಾರ್‌ಮಿನಾರ್ ಇದ್ದವನು ನೌಕರದಾರನೆಂದೂ ಕಿವಿಯ ಸಂದಿಯಲ್ಲಿ ಬೀಡಿ ಇದ್ದವನು ಕೂಲಿಕಾರನೆಂದೂ ದೂರದಿಂದಲೇ ಗುರುತಿಸುವಂತಾಯಿತು. ಪಂಕ್ತಿಭೇದಕ್ಕೆ ಅಲ್ಲಿಯೇ ಮಣೆ ಹಾಕಿದಂತಾಯಿತು.

ಮೂರು ಊರು, ಮೂರು ದುಡಿಮೆ

ಸಿಂಧನೂರು ಭತ್ತದ ನಾಡು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಎಡದಂಡೆಯ ಕಾಲುವೆ ಈ ಎರೆನೆಲದ ಹಣೆಬರೆಹವನ್ನೇ ತಿದ್ದಿತು. ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಆಂಧ್ರದ ಕರಾವಳಿಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇಲ್ಲಿಯೇ ಆರ್.ಎಚ್. ಕ್ಯಾಂಪುಗಳೆಂಬ ನೆಲೆ ದೊರೆಯಿತು. ಸುಗ್ಗಿಯ ದಿನಗಳಲ್ಲಿ ಇಲ್ಲಿಯ ಗಂಜಿಗೆ ಹೋಗಿ ನೋಡಬೇಕು. ಒಬ್ಬೊಬ್ಬ ಹಮಾಲನೂ ಬೆನ್ನಿಗೆ ಚೀಲವೇರಿಸಿಕೊಂಡು ಲಾರಿಯ ಹಲಗೆಯ ಮೇಲೆ ಹತ್ತಿಳಿಯುವ ನೋಟವನ್ನು ಕಂಡರೆ ನಮ್ಮ ಬೆನ್ನೇ ನೊಂದಂತಾಗುತ್ತದೆ. ಲಾರಿ ತುಂಬಿದೊಡನೆ ಎಲ್ಲರೂ ನೆರಳಿನಲ್ಲಿ ಕುಳಿತು ಬೀಡಿ ಹಚ್ಚುತ್ತಾರೆ. ಒಬ್ಬನ ಬೀಡಿಯ ಬೆಂಕಿ ಮತ್ತೊಬ್ಬನ ಬೀಡಿಗೆ ದಾಟುತ್ತದೆ. ಅಲ್ಲಿ ಜಾತಿ ಕೇಳುವವರಿಲ್ಲ.

ಅವರಲ್ಲೊಬ್ಬ ಹಿರಿಯನನ್ನು ಏಕಪ್ಪ ಇಷ್ಟು ಸೇದುತ್ತೀಯೆ ಎಂದು ಕೇಳಿದಾಗ ಅವನು ಹೇಳಿದ ಮಾತು ಇದು: “ಏನ್ ಮಾಡೋದ್ರೀ ಸರ, ಸುಮ್ನ ಕುಂತ್ರ ಸಾವ್ಕಾರ ಯಾಕ ಕುಂತಿ ಅಂತಾನ. ಬೀಡಿ ಹಚ್ಚಿದ್ರ ಅದು ಆರೋ ತನಕ ಯಾರೂ ಏನೂ ಅನ್ನಂಗಿಲ್ಲ.” ಬೀಡಿಯ ಆಕರ್ಷಣೆಗೆ ವೈದ್ಯಶಾಸ್ತ್ರ ಹೇಳುವ ಕಾರಣಗಳೆಲ್ಲ ಸರಿಯೇ. ಆದರೆ ಈ ಕಾರಣ ಯಾವ ವೈದ್ಯಗ್ರಂಥದಲ್ಲಿ ಬರೆದಿದ್ದೀತು? ಕಛೇರಿಯಲ್ಲಿ ಕುಳಿತವನಿಗೆ ಚಹದ ವಿರಾಮವಿದೆ, ಊಟದ ವಿರಾಮವಿದೆ. ಹೊರೆ ಹೊರುವವನಿಗೆ ಅಧಿಕೃತವಾದ ವಿರಾಮವೆಂಬುದು ಬೀಡಿಯ ಉದ್ದದಷ್ಟೇ.

ಲಿಂಗಸೂಗೂರಿನ ಕಥೆ ಬೇರೆ. ಈ ತಾಲ್ಲೂಕಿನಲ್ಲಿಯೇ ಮುದಗಲ್ಲಿನ ಕೋಟೆಯುಂಟು, ಹಟ್ಟಿಯ ಚಿನ್ನದ ಗಣಿಯುಂಟು. ಪ್ರಾಚೀನ ಕಾಲದಿಂದಲೂ ಚಿನ್ನವನ್ನು ಅಗೆದ ಈ ನೆಲದಲ್ಲಿ 1947ರಲ್ಲಿ ಈಗಿನ ಗಣಿ ಕಂಪನಿ ಹುಟ್ಟಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಚಿನ್ನದ ಹೆಸರಿಗೆ ಹಟ್ಟಿಯೇ ಉಳಿದಿದೆ. ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಶತ್ರು. ಧೂಳು ಹೊಕ್ಕ ಶ್ವಾಸಕೋಶಕ್ಕೆ ಕ್ಷಯರೋಗ ಬೇಗನೆ ತಗಲುತ್ತದೆ. ಅದರ ಮೇಲೆ ಹೊಗೆಯೂ ಸೇರಿದರೆ ಎರಡು ಕೇಡುಗಳು ಒಂದನ್ನೊಂದು ಬಲಪಡಿಸುತ್ತವೆ. ಗಣಿಯಿರುವ ಯಾವ ದೇಶದಲ್ಲಿಯೇ ಆಗಲಿ, ಒಂದೇ ಸಂಖ್ಯೆಯ ಬೀಡಿ ಸೇದಿದ ಮೇಷ್ಟರಿಗೂ ಬಂಡೆ ಕೊರೆಯುವವನಿಗೂ ಫಲ ಒಂದೇ ಆಗಿರುವುದಿಲ್ಲ.

ಇನ್ನು ಮಸ್ಕಿ. ಬಹುಕಾಲ ಲಿಂಗಸೂಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಸ್ವತಃ ತಾಲ್ಲೂಕು ಕೇಂದ್ರ. ಇತಿಹಾಸದಲ್ಲಿ ಇದರ ಹೆಸರು ದೊಡ್ಡದು. ಹೊಲದ ಫಲ ಮಾತ್ರ ಮಳೆಯನ್ನು ನಂಬಿದ್ದು. ಕಾಲುವೆ ತಲುಪದ ಹಳ್ಳಿಗಳಲ್ಲಿ ಮಳೆ ತಪ್ಪಿದ ವರ್ಷ ಜನ ‘ಗುಳೆ’ ಹೊರಡುತ್ತಾರೆ. ಪಾತ್ರೆಪಗಡ, ಹಾಸಿಗೆಯ ಸುರುಳಿ, ಕಂಕುಳಲ್ಲಿ ಕೂಸು, ಬಸ್ಸು ಬೆಂಗಳೂರಿಗೆ. ಅಲ್ಲಿ ನಾವು ನೀವು ವಾಸಿಸುವ ಮಹಡಿಯ ಮನೆಗಳನ್ನು ಕಟ್ಟುವವರು ಇವರೇ. ಊರಿನಲ್ಲಿ ಹಿರಿಯರ ಮುಂದೆ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದ ಹುಡುಗನಿಗೆ ಪಟ್ಟಣದ ತಗಡಿನ ಶೆಡ್ಡಿನಲ್ಲಿ ಅಡಗಿಸಬೇಕಾದವರು ಯಾರೂ ಇರುವುದಿಲ್ಲ. ರಾತ್ರಿ ಚಳಿ, ಹಗಲು ಸಿಮೆಂಟಿನ ಧೂಳು, ಜೊತೆಗಾರರ ಸಹವಾಸ. ಒಂದು ವರ್ಷದ ಗುಳೆ ಮುಗಿಸಿ ಬಂದವನು ಕೂಲಿಯ ಉಳಿತಾಯವನ್ನು ತರುತ್ತಾನೋ ಇಲ್ಲವೋ, ಚಟವನ್ನಂತೂ ತರುತ್ತಾನೆ.

ಅಂಕಿಗಳು ಏನು ಹೇಳುತ್ತವೆ?

ಕಣ್ಣಿಗೆ ಕಂಡದ್ದನ್ನು ಲೆಕ್ಕವೂ ಸಮರ್ಥಿಸಬೇಕಷ್ಟೆ. ನಮ್ಮ ದೇಶದಲ್ಲಿ ವಯಸ್ಕರ ತಂಬಾಕು ಸೇವನೆಯನ್ನು ಕುರಿತು ಎರಡು ದೊಡ್ಡ ಸಮೀಕ್ಷೆಗಳು ನಡೆದಿವೆ. 2009-10ರಲ್ಲಿ ಹದಿನೈದು ವರ್ಷ ಮೀರಿದವರ ಪೈಕಿ ಶೇಕಡಾ 34.6 ಮಂದಿ ತಂಬಾಕನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತಿದ್ದರು. 2016-17ರ ವೇಳೆಗೆ ಇದು 28.6ಕ್ಕೆ ಇಳಿಯಿತು. ಹೊಗೆ ಸೇದುವವರನ್ನಷ್ಟೇ ಎಣಿಸಿದರೆ 14ರಿಂದ 10.7ಕ್ಕೆ ಇಳಿತ. ಕರ್ನಾಟಕದಲ್ಲಿ ಒಟ್ಟು ತಂಬಾಕು ಸೇವನೆ 28.2ರಿಂದ 22.8ಕ್ಕೆ ಇಳಿಯಿತು. ಸಂತೋಷಪಡಬೇಕಾದ ಸಂಗತಿಯೇ ಸರಿ. ತಂಬಾಕನ್ನು ಮೊದಲು ರುಚಿ ನೋಡುವ ವಯಸ್ಸೂ ಒಂದು ವರ್ಷ ಮುಂದೆ ಹೋಗಿದೆ.

ಆದರೆ ಸರಾಸರಿಯೆಂಬುದು ದೊಡ್ಡ ವಂಚಕ. ಅದರ ಹೊಟ್ಟೆಯನ್ನು ಸೀಳಿ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಗಂಡಸರಲ್ಲಿ ಸೇದುವವರು ಶೇಕಡಾ 19, ಹೆಂಗಸರಲ್ಲಿ 2. ಸಿಗರೇಟು ಸೇದುವವರು ಶೇಕಡಾ 4 ಇದ್ದರೆ ಬೀಡಿ ಸೇದುವವರು 7.7, ಎಂದರೆ ಭಾರತದ ಹೊಗೆಯ ದೊಡ್ಡ ಪಾಲು ಬಡವನ ಹೊಗೆಯೇ. ನಗರಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಶಾಲೆ ಕಾಣದವರಲ್ಲಿ, ಉಳ್ಳವರಿಗಿಂತ ಇಲ್ಲದವರಲ್ಲಿ ತಂಬಾಕಿನ ಬಳಕೆ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳನ್ನು ನೋಡಿದರೆ ತೀರ ಬಡ ಮನೆಗಳ ಗಂಡಸರಲ್ಲಿ ಈ ಬಳಕೆಯು ಸಿರಿವಂತ ಮನೆಗಳ ಗಂಡಸರಲ್ಲಿರುವುದರ ಸುಮಾರು ಎರಡು ಪಟ್ಟು. ರಾಯಚೂರು ಜಿಲ್ಲೆಯಾದರೋ 2018ರಲ್ಲಿ ಕೇಂದ್ರ ಸರ್ಕಾರವು ಹಿಂದುಳಿದ ಜಿಲ್ಲೆಗಳನ್ನು ಆರಿಸಿ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳೆಂದು ಹೆಸರಿಸಿದಾಗ ಆ ಪಟ್ಟಿಯಲ್ಲಿ ಸೇರಿದ ಜಿಲ್ಲೆ. ಬಡತನ, ಅನಕ್ಷರತೆ, ಗುಳೆ ಮೂರೂ ಕೂಡಿದಲ್ಲಿ ಬೀಡಿಗೆ ಬೇರೆ ಆಮಂತ್ರಣ ಬೇಕೆ?

ಇಂಗ್ಲೆಂಡಿನ ವೈದ್ಯರು ಕಲಿಸಿದ ಪಾಠ

ಇಂಥ ಪಂಕ್ತಿಭೇದ ನಮ್ಮಲ್ಲಿ ಮಾತ್ರ ಎಂದು ತಿಳಿಯಬಾರದು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನಲ್ಲಿ ದೊರೆಯಿಂದ ದರ್ಜಿಯವರೆಗೆ ಎಲ್ಲರೂ ಸೇದುವವರೇ. ರೋಗಿಗೆ ಔಷಧ ಬರೆಯುವ ವೈದ್ಯನ ಕೈಯಲ್ಲಿಯೂ ಸಿಗರೇಟು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ವಿದ್ವಾಂಸರು ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಮರುವರ್ಷ ಅವರು ವೈದ್ಯರಿಗೇ ಪತ್ರ ಬರೆದು ಅವರವರ ಅಭ್ಯಾಸಗಳನ್ನು ಕೇಳಿದರು. ಉತ್ತರಿಸಿದವರಲ್ಲಿ 34,439 ಮಂದಿ ಪುರುಷ ವೈದ್ಯರನ್ನು ಐವತ್ತು ವರ್ಷಗಳ ಕಾಲ ಹಿಂಬಾಲಿಸಿ ಯಾರು ಎಂದು ತೀರಿಕೊಂಡರು, ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ಬರೆದಿಡಲಾಯಿತು. 2004ರಲ್ಲಿ ಹೊರಬಂದ ಫಲಿತಾಂಶ ಸರಳವಾದುದು: ಬಿಡದೆ ಸೇದಿದವನು ಸುಮಾರು ಹತ್ತು ವರ್ಷದ ಆಯುಷ್ಯವನ್ನು ಕಳೆದುಕೊಳ್ಳುತ್ತಾನೆ. ಅರುವತ್ತರಲ್ಲಿ ಬಿಟ್ಟರೆ ಅದರಲ್ಲಿ ಮೂರು ವರ್ಷ, ಐವತ್ತರಲ್ಲಿ ಬಿಟ್ಟರೆ ಆರು, ನಲವತ್ತರಲ್ಲಿ ಬಿಟ್ಟರೆ ಒಂಬತ್ತು ವರ್ಷ ಮರಳಿ ದೊರೆಯುತ್ತವೆ. ಮೂವತ್ತರಲ್ಲಿ ಬಿಟ್ಟವನಿಗೆ ಹೆಚ್ಚುಕಡಿಮೆ ಎಲ್ಲವೂ ಮರಳುತ್ತದೆ.

ಈ ಸುದ್ದಿಯನ್ನು ಮೊದಲು ಓದಿದವರು ವೈದ್ಯರು. ಮೊದಲು ಬಿಟ್ಟವರೂ ಅವರೇ. ಅನಂತರ ಓದುಬರೆಹ ಬಲ್ಲ ಮಧ್ಯಮವರ್ಗದವರು ಬಿಟ್ಟರು. ಕಾರ್ಖಾನೆಯ ಆಳು, ಬಾಡಿಗೆ ಮನೆಯ ಒಂಟಿ ತಾಯಿ, ನಿರುದ್ಯೋಗಿ ಇವರು ಹಿಂದುಳಿದರು. ಇಂದು ಅಲ್ಲಿ ಸಿಗರೇಟೆಂಬುದು ಬಡತನದ ಗುರುತಾಗಿದೆ. ಎಲ್ಲರೂ ಸಮನಾಗಿ ಸೇದುತ್ತಿದ್ದ ಸಮಾಜದಲ್ಲಿ ತಿಳಿವಳಿಕೆ ಹರಡಿದಂತೆಲ್ಲ ಅಸಮಾನತೆ ಬೆಳೆಯಿತೆಂಬುದು ವಿಚಿತ್ರವಾಗಿ ತೋರಬಹುದು. ತಿಳಿವಳಿಕೆಯೂ ಕಾಲುವೆಯ ನೀರಿನಂತೆ. ಮೇಲ್ಭಾಗದ ಗದ್ದೆ ಮೊದಲು ನೆನೆಯುತ್ತದೆ. ಕೊನೆಯ ಭಾಗದ ರೈತನ ಪಾಡು ಏನೆಂಬುದನ್ನು ತುಂಗಭದ್ರೆಯ ಎಡದಂಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಬೀಡಿ ಸಣ್ಣದೆ?

“ಬೀಡಿಯಲ್ಲಿ ಏನಿದೆ ಮಹಾ? ಚಿಟಿಕೆ ಪುಡಿ” ಎನ್ನುವವರುಂಟು. ಸಿಗರೇಟಿನಲ್ಲಿರುವ ತಂಬಾಕಿನ ಸಣ್ಣ ಪಾಲು ಮಾತ್ರ ಬೀಡಿಯಲ್ಲಿರುವುದು ನಿಜ. ಆದರೆ ಬೀಡಿಯ ಎಲೆಗೆ ಸಿಗರೇಟಿನ ಕಾಗದಕ್ಕಿರುವಂತೆ ಗಾಳಿಯಾಡುವ ಗುಣವಿಲ್ಲ. ಮೇಲಿಂದ ಮೇಲೆ, ಆಳವಾಗಿ ಎಳೆಯದಿದ್ದರೆ ಅದು ಆರಿಹೋಗುತ್ತದೆ. ಆದ್ದರಿಂದ ಚಿಟಿಕೆ ಪುಡಿಯಿಂದಲೇ ಸಿಗರೇಟಿಗೆ ಕಡಿಮೆಯಿಲ್ಲದಷ್ಟು ಟಾರು, ನಿಕೋಟಿನ್ ಮತ್ತು ಇಂಗಾಲದ ಮಾನಾಕ್ಸೈಡ್ ಒಳಗೆ ಹೋಗುತ್ತವೆ. ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಬಲ ಅರ್ಧಕ್ಕೆ ಇಳಿದು ಮತ್ತೆ ಬೇಡುತ್ತದೆ. ದಿನವೂ ಬೀಡಿ ಸೇದುವವನು ಸರಾಸರಿ ಹದಿನೈದು ಬೀಡಿಗಳನ್ನೂ ದಿನವೂ ಸಿಗರೇಟು ಸೇದುವವನು ಸುಮಾರು ಏಳು ಸಿಗರೇಟುಗಳನ್ನೂ ಸುಡುತ್ತಾನೆಂದು ಮೇಲೆ ಹೇಳಿದ ಎರಡನೆಯ ಸಮೀಕ್ಷೆ ತೋರಿಸಿದೆ.

ನಮ್ಮ ದೇಶದಲ್ಲಿ ಹನ್ನೊಂದು ಲಕ್ಷ ಮನೆಗಳನ್ನು ಮುಟ್ಟಿದ ಒಂದು ದೊಡ್ಡ ಅಧ್ಯಯನವನ್ನು ಪ್ರಭಾತ್ ಝಾ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಬೀಡಿ ಸೇದುವ ಗಂಡಸರು ಸುಮಾರು ಆರು ವರ್ಷ, ಬೀಡಿ ಸೇದುವ ಹೆಂಗಸರು ಎಂಟು ವರ್ಷ, ಸಿಗರೇಟು ಸೇದುವ ಗಂಡಸರು ಹತ್ತು ವರ್ಷದ ಆಯುಷ್ಯವನ್ನು ಕಳೆದುಕೊಳ್ಳುತ್ತಾರೆಂದು ಅದರಿಂದ ತಿಳಿದುಬಂದಿತು. ಸಿಗರೇಟಿಗಿಂತ ಬೀಡಿಯೇ ಮೇಲಾಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಈ ಸಾವುಗಳಲ್ಲಿ ಬಹುಪಾಲು ಮೂವತ್ತರಿಂದ ಅರುವತ್ತೊಂಬತ್ತರ ನಡುವೆ, ಎಂದರೆ ಮನೆಯ ಒಲೆ ಹತ್ತಿಸುವ ಕೈಗೆ ಬರುವ ಸಾವುಗಳು. ಪಿಂಚಣಿಯುಳ್ಳ ಮನೆಯಲ್ಲಿ ಯಜಮಾನ ತೀರಿಕೊಂಡರೆ ದುಃಖ ಬರುತ್ತದೆ. ದಿನಗೂಲಿಯ ಮನೆಯಲ್ಲಿ ದುಃಖದೊಡನೆ ಹಸಿವೂ ಬರುತ್ತದೆ, ಮಕ್ಕಳ ಶಾಲೆ ನಿಲ್ಲುತ್ತದೆ.

ಕ್ಷಯದ ಮಾತಂತೂ ಇನ್ನೂ ಕಠೋರ. ತಮಿಳುನಾಡಿನಲ್ಲಿ ತೀರಿಕೊಂಡ 43,000 ಗಂಡಸರ ವಿವರಗಳನ್ನು ಕೂಡಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಗಂಡಸರ ಕ್ಷಯದ ಸಾವುಗಳಲ್ಲಿ ಅರ್ಧದಷ್ಟಕ್ಕೆ ಧೂಮಪಾನವೇ ಕಾರಣವೆಂದು ತೋರಿಸಿತು. ಸರ್ಕಾರ ಕ್ಷಯಕ್ಕೆ ಔಷಧವನ್ನು ಪುಕ್ಕಟೆಯಾಗಿ ಕೊಡುತ್ತದೆ. ರೋಗಿಯ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಟ್ಟು, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿದೆ. ಒಂದು ಕೈ ಮದ್ದನ್ನು ಕೊಡುತ್ತಿರುವಾಗ ಮತ್ತೊಂದು ಕೈ ಬೀಡಿಯನ್ನು ಹಚ್ಚುತ್ತಿದ್ದರೆ ಮದ್ದಾದರೂ ಏನು ಮಾಡೀತು?

ಖರ್ಚಿನ ಲೆಕ್ಕವನ್ನೂ ನೋಡೋಣ. 2016-17ರಲ್ಲಿ ದಿನವೂ ಬೀಡಿ ಸೇದುವವನ ತಿಂಗಳ ವೆಚ್ಚ ಸರಾಸರಿ 284 ರೂಪಾಯಿ, ಸಿಗರೇಟಿನವನದು 1,192. ಸಿಗರೇಟಿನ ವೆಚ್ಚ ದೊಡ್ಡದೆಂದು ತೋರಬಹುದು. ಆದರೆ ಬೀಡಿಯವನ 284ನ್ನು ಹನ್ನೆರಡರಿಂದ ಗುಣಿಸಿದರೆ 3,408 ಆಗುತ್ತದೆ. ಸಂಬಳದ ಮನೆಯಲ್ಲಿ ಇದು ಒಂದು ಹಬ್ಬದ ಬಟ್ಟೆಯ ಖರ್ಚು. ಗುಳೆಯ ಮನೆಯಲ್ಲಿ ಮಗಳ ಶಾಲೆಯ ಪುಸ್ತಕ, ಚೀಲ, ಮಳೆಗಾಲದ ಜೋಳ ಎಲ್ಲವೂ ಇದರಲ್ಲಿಯೇ ಅಡಗಿವೆ.

ಸೇದದವರ ಪಾಲು

ನಮ್ಮ ಹೆಣ್ಣುಮಕ್ಕಳು ಬಹುಮಟ್ಟಿಗೆ ಸೇದುವವರಲ್ಲ. ಆದರೂ ಅವರು ಈ ಲೆಕ್ಕದಿಂದ ಹೊರಗಿಲ್ಲ. ಒಂದೇ ಕೋಣೆಯ ಮನೆ. ಮೂಲೆಯಲ್ಲಿ ಒಲೆಯ ಹೊಗೆ, ಬಾಗಿಲಲ್ಲಿ ಬೀಡಿಯ ಹೊಗೆ, ನಡುವೆ ಮಲಗಿದ ಕೂಸು. ದೇಶದ ವಯಸ್ಕರಲ್ಲಿ ಶೇಕಡಾ 38.7 ಮಂದಿ ಮನೆಯಲ್ಲಿಯೇ ಪರರ ಹೊಗೆಯನ್ನು ಕುಡಿಯುತ್ತಾರೆಂದು ಎರಡನೆಯ ಸಮೀಕ್ಷೆ ಹೇಳಿತು. ಮಹಡಿಯ ಮನೆಯವನು ಹೆಂಡತಿಯ ಮಾತಿಗೆ ಬೆಲೆ ಕೊಟ್ಟು ಬಾಲ್ಕನಿಗೆ ಹೋದಾನು. ಬಾಲ್ಕನಿಯೇ ಇಲ್ಲದವನು ಎಲ್ಲಿಗೆ ಹೋಗಬೇಕು?

ಬೀಡಿಯನ್ನು ಕಟ್ಟುವವರೂ ಹೆಂಗಸರೇ. ಸರ್ಕಾರದ ಲೆಕ್ಕದಂತೆ ದೇಶದಲ್ಲಿ ಸುಮಾರು 50 ಲಕ್ಷ ಮಂದಿ ಬೀಡಿ ಕಾರ್ಮಿಕರಿದ್ದು ಅವರಲ್ಲಿ ಬಹುಪಾಲು ಮಹಿಳೆಯರು. ನಮ್ಮ ರಾಜ್ಯದಲ್ಲಿ ಮಂಗಳೂರಿನ ಸೀಮೆ, ನಿಪ್ಪಾಣಿ ಮೊದಲಾದ ಕಡೆ ಮೊರದಲ್ಲಿ ಎಲೆ ಹರಡಿಕೊಂಡು ಕುಳಿತ ತಾಯಂದಿರನ್ನು ಕಾಣದವರಾರು? 1966ರ ಕಾಯಿದೆ, 1976ರ ಕಲ್ಯಾಣ ನಿಧಿ ಇವು ಅವರ ರಕ್ಷಣೆಗಾಗಿ ಬಂದವು. ಆದರೂ ದಿನವಿಡೀ ತಂಬಾಕಿನ ಧೂಳಿನ ನಡುವೆ ಬಾಗಿ ಕುಳಿತ ಬೆನ್ನಿಗೆ ಸಿಗುವ ಕೂಲಿ ಅಲ್ಪವೇ. ಬೀಡಿಯನ್ನು ಬಡವಿ ಕಟ್ಟುತ್ತಾಳೆ, ಬಡವ ಸೇದುತ್ತಾನೆ. ನಡುವೆ ಲಾಭ ಹಾಯುವ ದಾರಿ ಬೇರೆ. ಆದುದರಿಂದ ಬೀಡಿ ನಿಲ್ಲಬೇಕೆನ್ನುವವರು ಈ ತಾಯಂದಿರ ಕೈಗೆ ಬೇರೆ ಕೆಲಸವನ್ನು ತೋರಿಸುವ ಹೊಣೆಯನ್ನೂ ಹೊರಬೇಕು.

ಕಾಯಿದೆ ಮತ್ತು ತೆರಿಗೆ

ಸರ್ಕಾರ ಸುಮ್ಮನಿಲ್ಲ. 2003ರ ಕೇಂದ್ರ ಕಾಯಿದೆ ಜಾಹೀರಾತನ್ನು ನಿಲ್ಲಿಸಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದರ ಮೇಲಣ ನಿಷೇಧ ಬಿಗಿಯಾಯಿತು. ಕರ್ನಾಟಕ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. 2016ರಿಂದ ಪೊಟ್ಟಣದ ಶೇಕಡಾ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿದೆ. ನಮ್ಮ ರಾಜ್ಯದ ತಿದ್ದುಪಡಿ ಮಸೂದೆಯು 2024ರಲ್ಲಿ ಅಂಗೀಕಾರವಾಗಿ, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಜಾರಿಗೆ ಬಂದಿತು. ಅದರಂತೆ ಇಪ್ಪತ್ತೊಂದು ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದವನಿಗೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಹುಕ್ಕಾ ಬಾರುಗಳಿಗೆ ಬೀಗ ಬಿದ್ದಿದೆ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವುದೂ ಅಪರಾಧ.

ಆದರೆ ಇಲ್ಲಿಯೂ ಪಂಕ್ತಿಭೇದ ಇಣಿಕುತ್ತದೆ. ಎಚ್ಚರಿಕೆಯ ಚಿತ್ರ ಇಡೀ ಪೊಟ್ಟಣ ಕೊಂಡವನ ಕಣ್ಣಿಗೆ ಬೀಳುತ್ತದೆ. ಕಟ್ಟು ಬಿಚ್ಚಿ ನಾಲ್ಕು ಬೀಡಿ ಪಡೆದವನು ಚಿತ್ರವನ್ನು ನೋಡುವುದೇ ಇಲ್ಲ. ಸಾವಿರ ರೂಪಾಯಿಯ ದಂಡ ಕಾರಿನಿಂದಿಳಿದವನಿಗೆ ಒಂದು ಹೊತ್ತಿನ ಹೋಟೆಲಿನ ಲೆಕ್ಕ, ಹಮಾಲನಿಗೆ ಹಲವು ದಿನದ ಬೆವರು. ತೆರಿಗೆಯ ಮಾತು ಇನ್ನೂ ಸೂಕ್ಷ್ಮ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಸಿಗರೇಟಿಗೆ ಶೇಕಡಾ 28ರ ಮೇಲೆ ಸೆಸ್ಸೂ ಬಿದ್ದಿತು. ಬೀಡಿಗೆ ಸೆಸ್ ಬೀಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಮಂಡಲಿಯು ಸಿಗರೇಟು ಮುಂತಾದವುಗಳಿಗೆ ಶೇಕಡಾ 40, ಬೀಡಿಗೆ ಶೇಕಡಾ 18 ಎಂದು ನಿರ್ಧರಿಸಿತು. ಬೀಡಿ ಕಟ್ಟುವವರ ಹೊಟ್ಟೆಪಾಡನ್ನು ನೆನೆದು ಹೀಗೆ ಮಾಡಿರಬಹುದು. ಆದರೆ ಫಲವೇನು? ಬಡವನಿಗೆ ಜೋಳ ತುಟ್ಟಿ, ಬೇಳೆ ತುಟ್ಟಿ, ಬಸ್ಸಿನ ಟಿಕೇಟು ತುಟ್ಟಿ. ಅಗ್ಗವಾಗಿ ಉಳಿದದ್ದು ಅವನ ಆಯುಷ್ಯವನ್ನು ತಿನ್ನುವ ವಸ್ತು ಮಾತ್ರ. ಇಂಥ ರಿಯಾಯಿತಿಯನ್ನು ದಯೆಯೆಂದು ಕರೆಯಲು ಮನಸ್ಸೊಪ್ಪದು. ಬೀಡಿಯ ಮೇಲಣ ತೆರಿಗೆಯನ್ನು ಏರಿಸಿ, ಅದರಿಂದ ಬಂದ ಹಣವನ್ನು ಬೀಡಿ ಕಟ್ಟುವವರ ಹೊಸ ಉದ್ಯೋಗಕ್ಕೂ ಬೀಡಿ ಬಿಡುವವರ ಚಿಕಿತ್ಸೆಗೂ ಮೀಸಲಿಟ್ಟರೆ ಅದು ನ್ಯಾಯವಾದೀತು.

ಬಿಡಲು ಬೇಕಾದದ್ದೇನು?

“ಅವರಿಗೆ ಬಿಡುವ ಮನಸ್ಸಿಲ್ಲ” ಎಂದು ನಾವು ಸುಲಭವಾಗಿ ತೀರ್ಪು ಕೊಡುತ್ತೇವೆ. ಇದು ಸುಳ್ಳು. ದೇಶದಲ್ಲಿ ಸೇದುವವರ ಪೈಕಿ ಶೇಕಡಾ 55.4 ಮಂದಿ ಬಿಡಬೇಕೆಂದು ಎಣಿಸಿದವರು; ಶೇಕಡಾ 38.5 ಮಂದಿ ಹಿಂದಿನ ಒಂದು ವರ್ಷದಲ್ಲಿ ಪ್ರಯತ್ನಿಸಿದವರು. ಮನಸ್ಸಿದೆ, ಮನಸ್ಸಿಗೆ ಬೆಂಬಲವಿಲ್ಲ. ಬಿಟ್ಟ ಮೊದಲ ವಾರ ಸಿಡುಕು, ತಲೆನೋವು, ನಿದ್ರೆಗೇಡು ಕಾಡುತ್ತವೆ. ಆ ವಾರವನ್ನು ರಜೆ ಹಾಕಿ ಮನೆಯಲ್ಲಿ ಕಳೆಯುವ ಅನುಕೂಲ ನಮ್ಮಂಥವರಿಗುಂಟು. ನಿಕೋಟಿನ್ನಿನ ಅಗಿಯುವ ಗೋಲಿ ಬೇಕೆಂದರೆ ಔಷಧದ ಅಂಗಡಿ ಬೀದಿಯ ತಿರುವಿನಲ್ಲಿಯೇ ಇದೆ. ಮಸ್ಕಿಯ ಆಚೆಯ ಹಳ್ಳಿಯವನಿಗೆ ಅಂಗಡಿಯೂ ದೂರ, ರಜೆಯೆಂದರೆ ಉಪವಾಸ. ಕಾಯಿಲೆ ಬಲಿತರಂತೂ ರಾಯಚೂರಿಗೆ, ಅಲ್ಲಿಂದ ಕಲಬುರಗಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಅಲೆಯಬೇಕು. ಆ ಅಲೆದಾಟದಲ್ಲಿ ಕಳೆದ ತಿಂಗಳುಗಳೇ ಅನೇಕ ವೇಳೆ ಸಾವು ಬದುಕುಗಳ ಅಂತರ.

ಆದರೂ ದಾರಿಗಳಿಲ್ಲದಿಲ್ಲ. ತಂಬಾಕು ಬಿಡಲೆಳಸುವವರಿಗಾಗಿ ಸರ್ಕಾರ 1800-11-2356 ಎಂಬ ದೂರವಾಣಿಯನ್ನಿರಿಸಿದೆ. ಅದಕ್ಕೆ ಕರೆ ಮಾಡಲು ಕಾಸು ಬೇಕಿಲ್ಲ. ಬಿಟ್ಟ ಒಂದೆರಡು ದಿನಗಳಲ್ಲಿಯೇ ರಕ್ತದಲ್ಲಿನ ವಿಷಾನಿಲ ಇಳಿಯುತ್ತದೆ. ಒಂದು ವರ್ಷದಲ್ಲಿ ಹೃದಯದ ಹೆಚ್ಚುವರಿ ಅಪಾಯ ಅರ್ಧಕ್ಕೆ ಬರುತ್ತದೆ. ಈ ಮಾತನ್ನು ತಲುಪಿಸಬೇಕಾದವರು ನಾವೇ. ಮನೆಗೆ ಬಣ್ಣ ಬಳಿಯಲು ಬಂದವನಿಗೆ, ಗಾರೆಯವನಿಗೆ, ಕಾವಲುಗಾರನಿಗೆ ಬೀಡಿಗೆ ಬದಲಾಗಿ ಹತ್ತು ನಿಮಿಷದ ವಿರಾಮವನ್ನೂ ಒಂದು ಲೋಟ ಚಹವನ್ನೂ ಕೊಡುವುದು ಗೃಹಿಣಿಯರಿಗೆ ಕಷ್ಟವಲ್ಲ. ಹಮಾಲನ ಮಾತನ್ನು ನೆನೆಯಿರಿ: ಅವನು ಬೇಡಿದ್ದು ಕೊಂಚ ಕುಳಿತುಕೊಳ್ಳುವ ಹಕ್ಕನ್ನು. ಬೀಡಿಯಿಲ್ಲದೆಯೂ ಆ ಹಕ್ಕು ಸಿಗುವಂತಾದರೆ ಬೀಡಿಯ ಬಲ ಅರ್ಧ ಕುಗ್ಗಿದಂತೆಯೇ. ಇನ್ನು ಹುಡುಗರ ಕೈಗೆ ನಾಲ್ಕು ಕಾಸು ಕೊಟ್ಟು “ಅಂಗಡಿಯಿಂದ ಸಿಗರೇಟು ತಾ” ಎನ್ನುವ ಯಜಮಾನರು ತಮ್ಮ ಮನೆಯಲ್ಲಿಯೇ ಪಾಠಶಾಲೆ ತೆರೆಯುತ್ತಿದ್ದಾರೆಂಬುದನ್ನು ಮರೆಯಬಾರದು.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಒಂದು ಶಾಸನವನ್ನು ಕಂಡನು. ಅದುವರೆಗೆ ‘ದೇವಾನಾಂಪ್ರಿಯ’ನೆಂದಷ್ಟೇ ತಿಳಿದಿದ್ದ ಅರಸನು ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾಯಿತು. ಆ ಹೆಸರಿಗಾಗಿ ಮಸ್ಕಿಯನ್ನು ಜಗತ್ತು ನೆನೆಯುತ್ತದೆ. ಆದರೆ ಅಲ್ಲಿ ಕೆತ್ತಿರುವ ಇನ್ನೊಂದು ಮಾತಿನ ಕಡೆಗೆ ಗಮನ ಹೋಗುವುದು ಕಡಿಮೆ. ಧರ್ಮದ ಗುರಿಯನ್ನು ಮುಟ್ಟುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಎಣಿಸಕೂಡದು, ಸಣ್ಣವನಿಗೂ ಅದು ಎಟಕುವಂಥದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಯಹೇಳಬೇಕು ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ನಮ್ಮ ನೆಲದ ಬಂಡೆಯ ಮೇಲೆ ಬರೆದ ಈ ಮಾತು ಆರೋಗ್ಯಕ್ಕೂ ಸಲ್ಲುತ್ತದೆ. ದೀರ್ಘಾಯುಷ್ಯವು ಓದಿದವರ, ಉಳ್ಳವರ ಮೀಸಲು ಪಂಕ್ತಿಯಾಗಬಾರದು. ಆ ಬಂಡೆಯ ಕೆಳಗಿನ ದಾರಿಯಲ್ಲಿಯೇ ಗುಳೆಯ ಬಸ್ಸು ಹೊರಡುತ್ತದೆ. ಅದರಲ್ಲಿ ಕುಳಿತ ಹುಡುಗನೂ ಅರುವತ್ತು ದಾಟಿ ಮೊಮ್ಮಕ್ಕಳನ್ನು ಎತ್ತಿ ಆಡಿಸುವಂತಾದ ದಿನ ಶಾಸನದ ಮಾತನ್ನು ನಾವು ಓದಿದೆವೆಂದು ಹೇಳಿಕೊಳ್ಳಬಹುದು.